ನಮ್ಮನ್ನು ಬೈದವರ ಪುಸ್ತಕಗಳೂ ಮನೆಯಲ್ಲಿರಲಿ

ಮನೆಗೆ ಬಂದ ಪರಿಚಯದವರು ಬೀರುವಿನ ಮುಂದೆ ನಿಂತು, ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ಓದುತ್ತಾ ಹೋಗುತ್ತಾರೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹುಬ್ಬು ಗಂಟಿಕ್ಕುತ್ತದೆ. "ಪಾದ್ರಿಗಳು ಬರೆದದ್ದು, ಕಂಪನಿಯವರು ಬರೆದದ್ದು, ಇದನ್ನೆಲ್ಲ ದುಡ್ಡು ಕೊಟ್ಟು ತಂದಿರಾ?" ಹೌದು, ದುಡ್ಡು ಕೊಟ್ಟೇ ತಂದೆ. ಕೆಲವಕ್ಕೆ ಚೌಕಾಸಿ ಮಾಡುವ ಧೈರ್ಯವೂ ಬರಲಿಲ್ಲ.

ಧರ್ಮ, ಪ್ರವಾಸ, ಜೀವನಚರಿತ್ರೆ. ಹಳೆಯ ಪುಸ್ತಕಗಳಲ್ಲಿ ನನಗೆ ಹುಚ್ಚು ಹಿಡಿಸಿದ್ದು ಈ ಮೂರೇ. ಹಳೆಯ ಕಾವ್ಯಕ್ಕೆ ಹೊಸ ಆವೃತ್ತಿ ಬರುತ್ತದೆ, ವ್ಯಾಕರಣಕ್ಕೆ ಸಂಪಾದಕರು ಸಿಗುತ್ತಾರೆ. ಈ ಮೂರು ಬಗೆಯವಕ್ಕೆ ಆ ಭಾಗ್ಯ ಕಡಿಮೆ. ಮತಪ್ರಚಾರದ ಪುಸ್ತಕ ಪ್ರಚಾರ ನಿಂತ ಮೇಲೆ ಯಾರಿಗೂ ಬೇಡ. ಎತ್ತಿನಗಾಡಿ ದಾರಿಯ ವಿವರ ರೈಲು ಬಂದ ಮೇಲೆ ಬೇಡ. ಜೀವನಚರಿತ್ರೆಯಂತೂ ಅದರ ನಾಯಕನ ಮೊಮ್ಮಕ್ಕಳಿಗೇ ಬೇಡ. ನಾನು ಹೇಳುವುದೇನೆಂದರೆ, ಬರೆದವನ ಉದ್ದೇಶ ತೀರಿಹೋದ ಮೇಲೆಯೇ ಇಂಥ ಪುಸ್ತಕ ಓದಲು ಹದವಾಗುತ್ತದೆ. ಅವನು ಹೇಳಲೇಬೇಕೆಂದು ಹಟ ಹಿಡಿದದ್ದು ಹಿಂದೆ ಸರಿದು, ಮಾತಿನ ಭರದಲ್ಲಿ ಬಾಯಿ ತಪ್ಪಿ ಹೇಳಿದ್ದು ಮುಂದೆ ಬರುತ್ತದೆ.

ಅಬ್ಬೆ ದುಬ್ವಾನನ್ನೇ ನೋಡಿ. ಫ್ರಾನ್ಸಿನ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ನಮ್ಮವರಂತೆಯೇ ಬಟ್ಟೆ ಉಟ್ಟು, ರುಮಾಲು ಸುತ್ತಿ, 1823ರವರೆಗೂ ಇದ್ದ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅವನೇ ತಿದ್ದಿದ ಪ್ರತಿಯನ್ನು ಬೋಶಾಂಪ್ ಎಂಬಾತ ಅನುವಾದಿಸಿದ್ದು 1897ರಲ್ಲಿ ಆಕ್ಸ್‌ಫರ್ಡಿನಿಂದ ಬಂತು. ಮಾರುಕಟ್ಟೆಯಲ್ಲಿ ನಮ್ಮಂಥವರ ಕೈಗೆ ಎಟಕುವುದು ಈ ಎರಡನೆಯದೇ. ಪುಸ್ತಕದ ತುಂಬ ನಮ್ಮ ಮೇಲೆ ಬೈಗುಳವಿದೆ, ತಾತ್ಸಾರವಿದೆ. ಆದರೆ ಊಟದ ಎಲೆ, ಮೈಲಿಗೆ ಮಡಿ, ಮದುವೆಯ ದಿನಗಳ ಲೆಕ್ಕ ಎಲ್ಲವನ್ನೂ ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದವನಂತೆ ಬರೆದಿದ್ದಾನೆ.

ಇನ್ನೊಂದು ಸ್ವಾರಸ್ಯವಿದೆ. ಆ ಪುಸ್ತಕದ ದೊಡ್ಡ ಭಾಗ ಅವನ ಸ್ವಂತದ್ದಲ್ಲ. ಅವನಿಗಿಂತ ಹಿಂದೆ ದಕ್ಷಿಣದಲ್ಲಿದ್ದ ಕೂರ್ದೂ ಎಂಬ ಜೆಸ್ಯೂಟ್ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದು ಎಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಕಂಪನಿ ಸರಕಾರ 2,000 ವರಹ ಕೊಟ್ಟು ಕೊಂಡದ್ದು ಕದ್ದ ಮಾಲು! ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಮತಾಂತರದ ಪುಸ್ತಕ ಮನೆಯಲ್ಲಿಡಬಾರದು ಎನ್ನುವವರಿಗೆ ಇನ್ನೊಂದು ಮಾತು. ಇದೇ ದುಬ್ವಾ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಹೋಗದ ಕೆಲಸ ಎಂದು 1823ರಲ್ಲಿ ಪುಸ್ತಕವನ್ನೇ ಬರೆದ. ಬೀರುವಿನ ಮುಂದೆ ಹುಬ್ಬು ಗಂಟಿಕ್ಕುವವರಲ್ಲಿ ಅದನ್ನು ಓದಿದವರು ಇದುವರೆಗೆ ನನಗೆ ಸಿಕ್ಕಿಲ್ಲ.

ಸ್ವಿಟ್ಜರ್ಲೆಂಡ್ ಮೂಲದ ಪಾದ್ರಿಗಳ ಸಂಸ್ಥೆಯಾದ ಮಂಗಳೂರಿನ ಬಾಸೆಲ್ ಮಿಷನ್ ಕತೆ ಇನ್ನೂ ವಿಚಿತ್ರ. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ಎನ್ನುವ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಅಲ್ಲಿಂದಲೇ ಹೊರಟಿತು. ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಬಂದದ್ದು ಏಸುವಿನ ಸುವಾರ್ತೆ ಸಾರಲು. ಆದರೆ ಕ್ಯಾಸಮೇಜರ್ ಎಂಬ ಕಂಪನಿ ಅಧಿಕಾರಿಯ ಹಣದ ನೆರವು ಸಿಕ್ಕಿದ್ದೇ ತಡ, ಆತ ಸಾಲಾಗಿ ಅಚ್ಚು ಹಾಕಿದ್ದು ಏನನ್ನು? ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣ, ದಾಸರ ಪದಗಳು. ಪುರಂದರದಾಸರ ಹಾಡು ಮೊದಲು ಅಚ್ಚಿನ ಮುಖ ಕಂಡದ್ದು ಪಾದ್ರಿಯ ಕೈಯಲ್ಲಿ. ಎದುರಾಳಿಯ ಬಲ ಅರಿಯಲು ಓದತೊಡಗಿದವನು ಓದುತ್ತಾ ಓದುತ್ತಾ ಅದಕ್ಕೇ ಒಲಿದುಬಿಟ್ಟ ಎಂದು ನನ್ನ ಅನುಮಾನ.

ಆ ಕಲ್ಲಚ್ಚಿನ ಪುಟಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಲಿಪಿಕಾರ ಕೈಯಲ್ಲಿ ಬರೆದದ್ದನ್ನೇ ಕಲ್ಲಿಗಿಳಿಸಿ ಒತ್ತಿದ್ದರಿಂದ ಅಕ್ಷರ ಅಚ್ಚಿನಂತೆ ಕಾಣುವುದಿಲ್ಲ, ಕಡತದಂತೆ ಕಾಣುತ್ತದೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಾದಾಗ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಬರೆಯುತ್ತಿದ್ದವನ ಅವಸರ ಗೊತ್ತಾಗುತ್ತದೆ. ನನ್ನ ಬಳಿ ಆ ಮಾಲೆಯ ಒಂದೂ ಇಲ್ಲ, ಸಿಗುವ ಆಸೆಯೂ ಇಲ್ಲ. ಮಿಷನ್ ಕಾಲದ ಮುದ್ರಣಗಳನ್ನು ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನವರು ಕಾಪಾಡಿಕೊಂಡು ಬಂದಿದ್ದಾರೆ, ಆಸಕ್ತರು ಅಲ್ಲಿಗೆ ಹೋಗಬಹುದು. ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟೂ ಇದೇ ಮಿಷನ್ ಪರಂಪರೆಯದು. ಅದನ್ನು ಯಾರೂ ಮತಪ್ರಚಾರದ ಪುಸ್ತಕ ಎನ್ನುವುದಿಲ್ಲ, ಬೆಂಗಳೂರಿನಲ್ಲಿ ಪ್ರತಿಮೆಯನ್ನೇ ನಿಲ್ಲಿಸಿದ್ದೇವೆ.

ಪ್ರವಾಸದ ಪುಸ್ತಕಗಳಿಗೆ ಬಂದರೆ ಬುಕಾನನ್‌ನನ್ನು ಬಿಟ್ಟು ಮಾತಿಲ್ಲ. ಟಿಪ್ಪು ಸತ್ತ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸ್ಕಾಟ್ಲೆಂಡಿನ ವೈದ್ಯನನ್ನು ಮದರಾಸಿನಿಂದ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸುತ್ತಾಟಕ್ಕೆ ಕಳಿಸಿದ. ಹೊಸದಾಗಿ ಕೈಗೆ ಬಂದ ನೆಲದಲ್ಲಿ ಏನು ಬೆಳೆಯುತ್ತದೆ, ಏನು ಹುಟ್ಟುತ್ತದೆ ಎಂದು ಬರೆದುಕೊಂಡು ಬರುವುದು ಕೆಲಸ. 1807ರಲ್ಲಿ ಮೂರು ಸಂಪುಟ ಬಂದವು, 1870ರಲ್ಲಿ ಮದರಾಸಿನ ಹಿಗಿನ್‌ಬಾಥಮ್ಸ್ ಅದನ್ನು ಎರಡು ಸಂಪುಟವಾಗಿ ಮತ್ತೆ ಅಚ್ಚು ಹಾಕಿತು. ಹೋದಲ್ಲೆಲ್ಲ ರೈತರನ್ನು ಕೂರಿಸಿಕೊಂಡು ರಾಗಿ ಎಷ್ಟು, ಭತ್ತ ಎಷ್ಟು, ಎತ್ತು ಎಷ್ಟು ಎಂದು ಕೇಳುತ್ತಾನೆ. ಉತ್ತರ ಬಂದರೆ ನಂಬುವುದಿಲ್ಲ. ಕಂಪನಿಯ ಮನುಷ್ಯ ಕಾಗದ ಹಿಡಿದುಕೊಂಡು ಬಂದು ನಿನ್ನ ಬೆಳೆ ಎಷ್ಟಯ್ಯಾ ಎಂದರೆ ಯಾವ ರೈತ ನಿಜ ಹೇಳಿಯಾನು? ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾ ಮಾಡಿದ ಲೆಕ್ಕ ಅದು. ಚನ್ನಪಟ್ಟಣಕ್ಕೆ ಬಂದಾಗ ಅಲ್ಲಿ ಸಂಗೀತ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆಯುತ್ತಾನೆ. ದೂರದ ಸೀಮೆಗಳಿಗೂ ಹೋಗುತ್ತಿದ್ದ ತಂತಿಯದು. ಇಂದು ಚನ್ನಪಟ್ಟಣ ಎಂದರೆ ಮರದ ಗೊಂಬೆ ಅಷ್ಟೇ ನೆನಪಾಗುವ ನಮಗೆ ಆ ತಂತಿಯ ಸುದ್ದಿ ಹೇಳಲು ಕಂದಾಯದ ಕಣ್ಣಿನವನೇ ಬರಬೇಕಾಯಿತು.

ಆ ಕಾಲದ ಸಚಿತ್ರ ಪುಸ್ತಕಗಳ ಗತಿ ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಟಿಪ್ಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ದಂಡಿನ ಜತೆ ಬಂದ ರಾಬರ್ಟ್ ಹೋಮ್‌ನ 1794ರ ಮೈಸೂರು ದೃಶ್ಯಗಳು, ಜೇಮ್ಸ್ ಹಂಟರನ 1805ರ ಬಣ್ಣದ ಚಿತ್ರಗಳು ಇವೆಲ್ಲ ಮೂಲತಃ ಪುಸ್ತಕಗಳು. ಇಡೀ ಪುಸ್ತಕ ಮಾರಿದರೆ ಒಬ್ಬ ಗಿರಾಕಿ; ಹಾಳೆ ಬಿಡಿಸಿ ಚೌಕಟ್ಟು ಹಾಕಿದರೆ ಹಾಳೆಗೊಬ್ಬ ಗಿರಾಕಿ. ಬ್ಲೇಡು ಹಿಡಿದ ವ್ಯಾಪಾರಿಗೆ ಈ ಗಣಿತ ಬೇಗ ಹೊಳೆಯುತ್ತದೆ. ಚೌಕಟ್ಟಿನಲ್ಲಿ ನೇತುಬಿದ್ದ ಬೆಟ್ಟ ಯಾವುದು, ಕೋಟೆ ಯಾವುದು ಎಂದು ಹೇಳಬೇಕಾದ ಪುಟ ಕಸದ ಬುಟ್ಟಿಗೆ ಹೋಗಿರುತ್ತದೆ. ಬಿಡಿ ಹಾಳೆ ಕೊಳ್ಳುವ ಸಂಗ್ರಾಹಕರನ್ನು ನಾನು ಸಂಗ್ರಾಹಕರೆಂದು ಒಪ್ಪುವುದಿಲ್ಲ, ಬೇಸರವಾದರೆ ಆಗಲಿ.

ಜೀವನಚರಿತ್ರೆಯಲ್ಲಿ ದೊಡ್ಡವರದನ್ನು ಹುಡುಕುವುದು ನಾನು ಯಾವಾಗಲೋ ಬಿಟ್ಟೆ. ದಿವಾನರು, ಮಹಾರಾಜರು, ಪಂಡಿತರು ಎಲ್ಲಾದರೂ ಸಿಗುತ್ತಾರೆ. ನನಗೆ ಬೇಕಾದದ್ದು ವೈಕುಂಠ ಸಮಾರಾಧನೆಗೋ ಶಿವಗಣಾರಾಧನೆಗೋ ಬಂದವರಿಗೆ ಹಂಚಲು ಮಕ್ಕಳು ಅಚ್ಚು ಹಾಕಿಸಿದ ಇಪ್ಪತ್ತು ಮೂವತ್ತು ಪುಟದ ಪುಸ್ತಿಕೆ. 'ನಮ್ಮ ತಂದೆಯವರ ಜೀವನ ಚರಿತ್ರೆ'. ಮೊದಲಿಗೆ ರುಮಾಲು ಕೋಟಿನ ಒಂದು ಫೋಟೊ, ಆಮೇಲೆ ಜಾತಕ, ಗೋತ್ರ. ಅಂಗಡಿಯಲ್ಲಿ ಮಾರಲಿಲ್ಲ, ಗ್ರಂಥಾಲಯಕ್ಕೆ ಯಾರೂ ಕೊಡಲಿಲ್ಲ, ಹಾಗಾಗಿ ಯಾವ ಸೂಚಿಯಲ್ಲೂ ಹೆಸರಿಲ್ಲ. ತಂದೆಯವರು ದಾನಶೂರರು, ಸತ್ಯಸಂಧರು ಎಂಬ ಹೊಗಳಿಕೆಯನ್ನು ದಾಟಿ ಮುಂದೆ ಹೋದರೆ, 1898ರ ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು, 1918ರ ಇನ್‌ಫ್ಲುಯೆಂಜಾದಲ್ಲಿ ಒಂದೇ ಮನೆಯಿಂದ ಮೂವರನ್ನು ಹೊತ್ತದ್ದು, ಮೊದಲ ಹೆಂಡತಿ ಹೋದ ಎಷ್ಟನೆಯ ತಿಂಗಳಿಗೆ ಎರಡನೆಯ ಮದುವೆ ಎಂಬುದು ಇರುತ್ತದೆ. ತಾಯಂದಿರ ಹೆಸರು ಎಷ್ಟೋ ಪುಸ್ತಿಕೆಗಳಲ್ಲಿ ಬರುವುದೇ ಇಲ್ಲ. ಮಕ್ಕಳು ತಂದೆಯನ್ನು ಹೊಗಳಲು ಕುಳಿತು ಮನೆಯ ಗುಟ್ಟು ಬಿಟ್ಟುಕೊಟ್ಟಿರುತ್ತಾರೆ.

ನನ್ನ ಸಂಗ್ರಹದಲ್ಲಿ ಹರಾಜಿಗಿಟ್ಟರೆ ಬಿಡಿಗಾಸೂ ಬಾರದ ಒಂದು ಪುಸ್ತಕವಿದೆ. ಕಾಶೀಯಾತ್ರೆಗೆ ಹೋಗುವವರಿಗೆ ದಾರಿ, ಛತ್ರ, ಸ್ನಾನಘಟ್ಟ, ಸಂಕಲ್ಪಗಳನ್ನು ತಿಳಿಸುವ ಪುಟ್ಟ ಕೈಪಿಡಿ. ಮೊದಲ ಹಾಳೆಗಳು ಹೋಗಿವೆ, ಬರೆದವರು ಯಾರೋ. ಅಂಚಿನಲ್ಲಿ ಅದರ ಒಡೆಯರು ಪೆನ್ಸಿಲಿನಲ್ಲಿ ಖರ್ಚು ಬರೆದಿದ್ದಾರೆ: ದೋಣಿಗೆ ಇಷ್ಟು ಆಣೆ, ಪಂಡಾನಿಗೆ, ಅಂದರೆ ಅಲ್ಲಿನ ಪುರೋಹಿತನಿಗೆ, ಇಷ್ಟು ರೂಪಾಯಿ. ಪಂಡಾನ ಲೆಕ್ಕದ ಮುಂದೆ "ಅನ್ಯಾಯ" ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ಅಚ್ಚಾದ ಭಾಗದಲ್ಲಿ ಕಾಶಿಯ ಮಹಿಮೆ, ಅಂಚಿನಲ್ಲಿ ಕಾಶಿಯ ಲೆಕ್ಕ. ಆಮೇಲೆ ಯಾರೋ ಇದನ್ನು ಬೈಂಡಿಂಗಿಗೆ ಕೊಟ್ಟಿದ್ದಾರೆ. ಬೈಂಡಿನವನು ಮೂರು ಕಡೆಯೂ ಅಂದವಾಗಿ ಕತ್ತರಿಸಿದ್ದರಿಂದ ಎಷ್ಟೋ ಪುಟಗಳಲ್ಲಿ ಮೊತ್ತವೇ ಕತ್ತರಿಸಿಹೋಗಿದೆ. ಪ್ರಯಾಗದ ಖರ್ಚು "ರೂ." ಎಂಬಲ್ಲಿಗೆ ನಿಂತಿದೆ.

ಹಾಗಾಗಿ ಬೈಂಡಿಂಗ್ ವಿಷಯದಲ್ಲಿ ನನ್ನದು ಕಠಿಣ ಅಭಿಪ್ರಾಯ. ಹಳೆಯ ಪುಸ್ತಕವನ್ನು ಗೆದ್ದಲಿಗಿಂತ ಹೆಚ್ಚು ಹಾಳು ಮಾಡಿದ್ದು ಅಂಚು ಸಮ ಮಾಡುವ ಹುಮ್ಮಸ್ಸು. ತೆಳುಕಾಗದದ ಹೊರಹೊದಿಕೆಯನ್ನು ಮೊದಲು ಕಿತ್ತೆಸೆಯುತ್ತಾರೆ. ಬೆಲೆ, ಮುದ್ರಣಾಲಯ, ಹಿಂಬದಿಯ ಇತರ ಪುಸ್ತಕಗಳ ಪಟ್ಟಿ, ತಲೆಗೆಣ್ಣೆ ಜಾಹೀರಾತು ಎಲ್ಲ ಇರುವುದು ಅದರ ಮೇಲೆಯೇ. ನಮ್ಮ ಹಳೆಯ ಧಾರ್ಮಿಕ ಪುಸ್ತಕಗಳು ಇಸವಿಯ ಗೊಡವೆಗೇ ಹೋಗುವುದಿಲ್ಲ, "ಪ್ಲವ ಸಂವತ್ಸರದ ಮಾಘ" ಎಂದು ಮುಗಿಸಿರುತ್ತವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಆ ಮಾಘ 1842ರದೋ 1902ರದೋ 1962ರದೋ ಎಂದು ತೀರ್ಮಾನಿಸಲು ಕಾಗದ, ಅಚ್ಚುಮೊಳೆ, ಬೆಲೆ ಮೂರನ್ನೂ ನೋಡಬೇಕು. ಬೆಲೆ ಆಣೆಯಲ್ಲಿದ್ದರೆ ಮೂರನೆಯದು ಹೆಚ್ಚುಕಡಿಮೆ ಬಿಟ್ಟುಹೋಯಿತು, ಏಕೆಂದರೆ 1957ರಲ್ಲಿ ನಯಾಪೈಸೆ ಬಂತು. ಹೊದಿಕೆ ಎಸೆದರೆ ಈ ಸುಳಿವೂ ಹೋಯಿತು.

ಕಾಗದದ ವಿಷಯಕ್ಕೆ ಬಂದರೆ ಹಳೆಯದೇ ಗಟ್ಟಿ. ಬುಕಾನನ್‌ನ 1807ರ ಹಾಳೆ ಚಿಂದಿಬಟ್ಟೆಯಿಂದ ಮಾಡಿದ್ದು, ಮಡಿಚಿದರೂ ಮುರಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮರದ ತಿರುಳಿನ ಅಗ್ಗದ ಕಾಗದ ಎಲ್ಲೆಡೆ ಬಂತು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ' ತಂದು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿ, ಮನೆಮಾರು ಕಳೆದುಕೊಂಡು ವಚನಗಳನ್ನು ಅಚ್ಚು ಹಾಕಿದರು. ಆ ಕಾಲದ ಪ್ರತಿಗಳನ್ನು ಈಗ ತೆರೆದರೆ ಹಾಳೆಯ ಮೂಲೆ ಹಪ್ಪಳದಂತೆ ಕೈಗೆ ಬರುತ್ತದೆ. ಕಂಪನಿಯ ಕಂದಾಯದ ಪುಸ್ತಕ ಇನ್ನೂರು ವರ್ಷ ಬಾಳುತ್ತದೆ, ಮನೆ ಮಾರಿ ಅಚ್ಚು ಹಾಕಿಸಿದ ವಚನ ನೂರಕ್ಕೇ ಉದುರುತ್ತದೆ. ಇದಕ್ಕೆ ಬಜೆ ಬೇರು, ನುಸಿಗುಳಿಗೆ ಯಾವುದೂ ಮದ್ದಲ್ಲ, ಅವು ಹುಳುವಿಗೆ ಮಾತ್ರ. ಸ್ಕ್ಯಾನ್ ಮಾಡುವುದೊಂದೇ ದಾರಿ.

ಸ್ಕ್ಯಾನ್ ಎಂದ ಕೂಡಲೇ ಮುಖ ತಿರುಗಿಸುವ ಸಂಗ್ರಾಹಕರು ನಮ್ಮಲ್ಲಿದ್ದಾರೆ. ಇಂಟರ್ನೆಟ್ಟಿಗೆ ಬಂದರೆ ತಮ್ಮ ಪ್ರತಿಯ ಬೆಲೆ ಇಳಿಯುತ್ತದೆಂದು ಭಯ. ನಾನು ಕಂಡಂತೆ ಆಗುವುದು ತದ್ವಿರುದ್ಧ, ಓದಿದವರು ಮೂಲಪ್ರತಿ ಹುಡುಕಿಕೊಂಡು ಬರುತ್ತಾರೆ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಬಳಗದವರು ಕನ್ನಡದ ಹಳೆಯ ಪುಸ್ತಕಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಇಂಟರ್ನೆಟ್ ಆರ್ಕೈವ್ ಜಾಲತಾಣಕ್ಕೆ ಏರಿಸುತ್ತಿದ್ದಾರೆ. ಬಣ್ಣ ಎಂಬುದು ಇಲ್ಲಿ ಮುಖ್ಯ. ಮೊದಮೊದಲು ಎಷ್ಟೋ ಕಡೆ ಬರಿಯ ಕಪ್ಪು ಬಿಳುಪಿನಲ್ಲಿ ಮಾಡಿದಾಗ ಪೆನ್ಸಿಲ್ ಬರಹವೆಲ್ಲ ಅಳಿಸಿಹೋಯಿತು. ಕಾಶಿಯ ಪಂಡಾನ ಮೇಲಿನ ಸಿಟ್ಟು ಅಂಥ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ.

ತಾತನ ಟ್ರಂಕು ವಿಲೇವಾರಿ ಮಾಡಲು ಹೊರಟವರಿಗೆ ನನ್ನ ಬೇಡಿಕೆ ಇಷ್ಟು. ತೂಕಕ್ಕೆ ಹಾಕುವ ಮೊದಲು ಪ್ರತಿಯೊಂದರ ಹೊದಿಕೆ, ಶೀರ್ಷಿಕೆ ಪುಟ, ಕೊನೆಯ ಪುಟ ಮೂರರ ಫೋಟೊ ತೆಗೆದುಕೊಳ್ಳಿ. ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಒಣಗಿ ಅಕ್ಷರವನ್ನೇ ಕಿತ್ತುಕೊಂಡು ಬರುತ್ತದೆ. ಗೀತೆ, ರಾಮಾಯಣಗಳನ್ನು ಭಕ್ತಿಯಿಂದ ಎತ್ತಿಟ್ಟು ಸಣ್ಣ ಪುಸ್ತಿಕೆಗಳನ್ನು ರದ್ದಿಗೆ ಹಾಕುತ್ತೀರಿ. ಗೀತೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಪುಸ್ತಿಕೆ ಮತ್ತೆ ಸಿಗುವುದಿಲ್ಲ. ಬೆಂಗಳೂರಿನವರಾದರೆ 1909ರಲ್ಲಿ ಹುಟ್ಟಿದ, ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯನ್ನು ವಿಚಾರಿಸಿ. ಮಂಡ್ಯ ಕಡೆಯವರಾದರೆ ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟಿರುವ ಅಂಕೇಗೌಡರ ಪುಸ್ತಕ ಮನೆ ಇದೆ. ಯಾರೂ ಬೇಡವೆಂದರೆ ನನಗೆ ಹೇಳಿ, ಬಂದು ಒಯ್ಯುತ್ತೇನೆ. ಎಷ್ಟು ಬೆಲೆ ಬಾಳುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೊಳ್ಳುವವನು ನಾನೇ ಆದರೆ ನನ್ನ ಅಂದಾಜು ಯಾವತ್ತೂ ಕಡಿಮೆಯೇ ಇರುತ್ತದೆ.