ಖಳ ಗೆದ್ದರೆ ಚಿತ್ರ ಗೆದ್ದಂತೆಯೇ? ‘ದಿ ಡಾರ್ಕ್ ನೈಟ್’ ಕುರಿತು ಪರ-ವಿರೋಧ

ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿ 2008ರ ಜುಲೈಯಲ್ಲಿ ತೆರೆಗೆ ಬಂದ ‘ದಿ ಡಾರ್ಕ್ ನೈಟ್’ ಚಿತ್ರದಲ್ಲಿ ಹೀತ್ ಲೆಡ್ಜರ್ ಅಭಿನಯಿಸಿದ ಖಳ ಜೋಕರ್‌ನ ಪಾತ್ರ ನಾಯಕ ಬ್ಯಾಟ್‌ಮನ್‌ನನ್ನು ಮೀರಿ ಬೆಳೆದಿದೆ ಎಂಬುದನ್ನು ಅಲ್ಲಗಳೆಯುವವರನ್ನು ನಾನಿನ್ನೂ ಕಂಡಿಲ್ಲ. ಹಾಗೆ ಬೆಳೆದದ್ದು ಚಿತ್ರಕ್ಕೆ ಬಲವಾಯಿತೇ ಅಥವಾ ಭಾರವಾಯಿತೇ ಎಂಬುದಷ್ಟೇ ಪ್ರಶ್ನೆ. ಕಳೆದ ಮಳೆಗಾಲದಲ್ಲಿ ಸಾಗರದ ಸಮೀಪದ ನೆಂಟರ ಮನೆಯ ಜಗಲಿಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಈ ಚಿತ್ರವನ್ನು ಮತ್ತೆ ನೋಡಿದ ರಾತ್ರಿ ಎದ್ದ ಮಾತು ಇನ್ನೂ ಮುಗಿದಿಲ್ಲ. ಇಂದು ಕೃಷ್ಣನಾಗಿ ಸಂಧಿಗೆ ಬಂದ ಅರ್ಥಧಾರಿಯೇ ನಾಳೆ ಕೌರವನಾಗಿ ಅದನ್ನು ತಳ್ಳಿಹಾಕುವುದನ್ನು ತಾಳಮದ್ದಳೆಯಲ್ಲಿ ಕೇಳುತ್ತ ಬೆಳೆದವನಾದ್ದರಿಂದ, ಎರಡೂ ಪಕ್ಷವನ್ನು ನಾನೇ ವಹಿಸಿಕೊಂಡಿದ್ದೇನೆ.

ಪರ

ಆ ರಾತ್ರಿ, ಪೊಲೀಸ್ ಠಾಣೆಯ ವಿಚಾರಣಾ ಕೊಠಡಿಯ ದೃಶ್ಯ ಆರಂಭವಾಗುವ ಹೊತ್ತಿಗೆ ಕರೆಂಟು ಹೋಯಿತು. ಪ್ರೊಜೆಕ್ಟರು ಆರಿತು, ಆದರೆ ಲ್ಯಾಪ್‌ಟಾಪು ಮತ್ತು ಸ್ಪೀಕರು ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. ನಿಲ್ಲಿಸಲು ಯಾರೂ ಏಳಲಿಲ್ಲ. ಹಂಚಿನ ಮೇಲಿನ ಮಳೆಯ ಸದ್ದಿನ ನಡುವೆ ಚಿತ್ರಕಥೆಯ ನಟ್ಟನಡುವಿನ ಆ ದೃಶ್ಯವನ್ನು ನಾವು ಕಿವಿಯಿಂದಲೇ ನೋಡಿದೆವು. ಮುಖಕ್ಕೆ ಬಳಿದ ಬಣ್ಣವಿಲ್ಲ, ಹಸಿರು ಛಾಯೆಯ ಕೂದಲಿಲ್ಲ, ನೇರಳೆ ಕೋಟಿಲ್ಲ, ಬರಿಯ ಧ್ವನಿ. ಆ ಧ್ವನಿ ಒಂದು ವಾಕ್ಯದ ಒಳಗೇ ಮೂಗಿನಿಂದ ಎದೆಗೆ ಇಳಿದು, ಮತ್ತೆ ಮೇಲಕ್ಕೆ ಹಾರಿ, ನಡುವೆ ತುಟಿ ಚಪ್ಪರಿಸಿ, ಪೆಟ್ಟು ಬಿದ್ದಾಗ ನಗುವಾಗಿ ಒಡೆಯುತ್ತಿತ್ತು. ಮುಂದಿನ ಮಾತು ಯಾವ ಸ್ವರದಲ್ಲಿ ಬರಬಹುದೆಂದು ಊಹಿಸಲಾಗದೆ ಕತ್ತಲಲ್ಲಿ ಕುಳಿತದ್ದು, ನಾನು ಆ ಚಿತ್ರವನ್ನು ನೋಡಿದ ಎಲ್ಲ ಸಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ. ವೇಷ ತೆಗೆದರೂ ಪಾತ್ರ ನಿಲ್ಲುತ್ತದೆ ಎಂದಾದರೆ ಅದನ್ನು ಅಬ್ಬರವೆಂದು ಕರೆಯುವುದು ನ್ಯಾಯವಲ್ಲ.

ವೇಷವನ್ನೂ ಸೇರಿಸಿಕೊಂಡು ನೋಡಿದರೆ ಲೆಡ್ಜರ್ ಮಾಡಿದ ಕೆಲಸದ ಸೂಕ್ಷ್ಮ ಇನ್ನಷ್ಟು ಕಾಣುತ್ತದೆ. ನಮ್ಮ ಕಡೆಯ ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷಕ್ಕೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕುಳಿತು ಮುಖಕ್ಕೆ ಬಿಳಿ ಚಿಟ್ಟಿಯ ಚುಕ್ಕಿ ಇಡುತ್ತಾರೆ. ರಾಕ್ಷಸ ರಂಗಕ್ಕೆ ಬರುವ ಮೊದಲು ತೆರೆಯ ಹಿಂದಿನಿಂದ ಆರ್ಭಟಿಸಿ, ಒಡ್ಡೋಲಗದಲ್ಲಿ ತಾನು ಯಾರೆಂದು ಸಾರುತ್ತಾನೆ. ಜೋಕರ್‌ನ ಬಣ್ಣ ಇದಕ್ಕೆ ತೀರ ವಿರುದ್ಧ. ಹಣೆಯ ನೆರಿಗೆಗಳಲ್ಲಿ ಬಿಳಿ ಬಿರುಕು ಬಿಟ್ಟಿದೆ, ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿದೆ, ತುಟಿಯ ಕೆಂಪು ಗಾಯದ ಗೆರೆಯನ್ನು ಮುಚ್ಚುವ ಬದಲು ಎತ್ತಿ ತೋರಿಸುತ್ತದೆ. ಆ ಗಾಯ ಹೇಗಾಯಿತೆಂದು ಒಮ್ಮೆ ತಂದೆಯ ಕಥೆ ಹೇಳುವವನು ಇನ್ನೊಮ್ಮೆ ಹೆಂಡತಿಯ ಕಥೆ ಹೇಳುತ್ತಾನೆ. ಎರಡನ್ನೂ ಹೇಳುವಾಗ ಲೆಡ್ಜರ್‌ನ ಕಣ್ಣಿನಲ್ಲಿ ಸುಳ್ಳಿನ ಸುಳಿವಿಲ್ಲ. ಒಡ್ಡೋಲಗವನ್ನೇ ನಿರಾಕರಿಸುವ ರಾಕ್ಷಸ ಇವನು. ತಾನು ಯಾರೆಂದು ಕೊನೆಯವರೆಗೂ ಹೇಳುವುದಿಲ್ಲ. ಪೂರ್ವಕಥೆಯಿಲ್ಲದ ಖಳನನ್ನು ನಂಬಿಸುವ ಹೊಣೆಯೆಲ್ಲ ನಟನ ಮೈಮೇಲೆ ಬೀಳುತ್ತದೆ. ಲೆಡ್ಜರ್ ಅದನ್ನು ತೂಗುವ ತಲೆ, ಬಾಗಿದ ಭುಜ, ಅಸಹನೆಯ ನಡಿಗೆಯಿಂದಲೇ ಹೊತ್ತಿದ್ದಾನೆ.

ಇಂಥ ಖಳ ನಾಯಕನನ್ನು ಮೀರಿದರೆ ನಷ್ಟ ಯಾರಿಗೆ? ಕವಚದೊಳಗಿನ ಬ್ಯಾಟ್‌ಮನ್ ಆದ ಬ್ರೂಸ್ ವೇಯ್ನ್‌ನ ಬಾಲ್ಯ, ಭಯ, ತರಬೇತಿ ಎಲ್ಲವನ್ನೂ 2005ರ ಮೊದಲ ಚಿತ್ರ ‘ಬ್ಯಾಟ್‌ಮನ್ ಬಿಗಿನ್ಸ್’ ವಿಸ್ತಾರವಾಗಿ ಹೇಳಿ ಮುಗಿಸಿತ್ತು. ಎರಡನೆಯದರಲ್ಲಿ ಉಳಿದದ್ದು ಪರೀಕ್ಷೆ; ಪರೀಕ್ಷೆಯಲ್ಲಿ ಮಾತನಾಡಬೇಕಾದದ್ದು ಪ್ರಶ್ನೆಪತ್ರಿಕೆ. ವಿಚಾರಣೆಯ ದೃಶ್ಯದಲ್ಲಿ ದೀಪಗಳು ಒಮ್ಮೆಲೇ ಹೊತ್ತಿ, ಜೋಕರ್‌ನ ಬೆನ್ನ ಹಿಂದೆ ಬ್ಯಾಟ್‌ಮನ್ ನಿಂತಿರುವುದು ಕಾಣುತ್ತದೆ. ಕತ್ತಲೆಯೇ ಆಯುಧವಾದವನನ್ನು ನೋಲನ್ ಕಚೇರಿಯ ಬಿಳಿ ಬೆಳಕಿಗೆ ತಂದು ನಿಲ್ಲಿಸಿದಾಗ, ಆ ಕಪ್ಪು ಕವಚ ಒಂದು ಕ್ಷಣ ಹಗಲು ಹೊತ್ತಿನ ವೇಷದಂತೆ ಪೆಚ್ಚಾಗಿ ಕಾಣುತ್ತದೆ. ಅವನು ಎಷ್ಟು ಹೊಡೆದರೂ ಎದುರಿನವನಿಗೆ ಹೆದರಿಕೆಯಿಲ್ಲ. ನಾಯಕನ ಬಲ ವ್ಯರ್ಥವಾಗುವುದನ್ನು ತೋರಿಸುವ ದೃಶ್ಯದಲ್ಲಿ ಖಳನ ನಟನೆ ಮೇಲುಗೈ ಪಡೆಯದೇ ಹೋಗಿದ್ದರೆ ಆ ದೃಶ್ಯವೇ ಸುಳ್ಳಾಗುತ್ತಿತ್ತು.

ಇನ್ನು, 2008ರ ಜನವರಿ 22ರಂದು, ಚಿತ್ರ ಬಿಡುಗಡೆಯಾಗುವ ಆರು ತಿಂಗಳ ಮೊದಲೇ, 28ರ ಹರೆಯದಲ್ಲಿ ತೀರಿಕೊಂಡ ನಟನ ಮೇಲಿನ ಮರುಕವೇ ಮರುವರ್ಷ ಅವನಿಗೆ ಪೋಷಕ ನಟನ ಆಸ್ಕರ್ ತಂದುಕೊಟ್ಟಿತು ಎನ್ನುವವರಿದ್ದಾರೆ. ಅವರು ‘ಬ್ರೋಕ್‌ಬ್ಯಾಕ್ ಮೌಂಟನ್’ನಲ್ಲಿ ಮಾತನ್ನೆಲ್ಲ ಹಲ್ಲಿನ ಹಿಂದೆಯೇ ನುಂಗುವ ಅದೇ ನಟನನ್ನು ನೋಡಬೇಕು, ಬದುಕಿದ್ದಾಗಲೇ ಆ ಪಾತ್ರಕ್ಕೆ ಅವನ ಹೆಸರು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ವಿರೋಧ

ಅದೇ ಕತ್ತಲಿನಲ್ಲಿ ಕೇಳಿಸಿದ ಎರಡನೆಯ ಧ್ವನಿಯ ಬಗ್ಗೆ ಮೇಲಿನ ಪಕ್ಷ ಜಾಣತನದಿಂದ ಸುಮ್ಮನಿದೆ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ರೂಢಿಯಿದ್ದ, ಇಂಗ್ಲಿಷ್ ಅಷ್ಟಾಗಿ ತಿಳಿಯದ ಹಿರಿಯರೊಬ್ಬರು ಮೂಲೆಯಿಂದ, “ಎಂತ ಮಾರಾಯ, ಆ ಇನ್ನೊಬ್ಬನಿಗೆ ಗಂಟಲು ಕಟ್ಟಿದ್ಯಾ?” ಎಂದು ಕೇಳಿದರು. ಜಗಲಿಯೆಲ್ಲ ನಕ್ಕಿತು. ಬ್ಯಾಟ್‌ಮನ್ ಆದಾಗ ಕ್ರಿಶ್ಚಿಯನ್ ಬೇಲ್ ಹೊರಡಿಸುವ ಗೊರಗೊರ ದನಿ ಎರಡು ಪದದ ಬೆದರಿಕೆಗೆ ಸಾಕಾಗುತ್ತದೆ; ಕೊನೆಯಲ್ಲಿ ತ್ಯಾಗದ ಅರ್ಥ ಹೇಳುವ ಉದ್ದನೆಯ ಮಾತಿಗೆ ಸಾಲದು. ಪರೀಕ್ಷೆ, ಪ್ರಶ್ನೆಪತ್ರಿಕೆ ಎಂಬ ಹೋಲಿಕೆ ಚೆನ್ನಾಗಿದೆ, ಆದರೆ ಉತ್ತರ ಬರೆಯುವವನ ಕೈಯಲ್ಲಿ ಲೇಖನಿಯೇ ಇಲ್ಲದಿದ್ದರೆ ಅದನ್ನು ಪರೀಕ್ಷೆ ಎನ್ನಲಾಗದು. ಬೇಲ್ ಸಣ್ಣ ನಟನಲ್ಲ. ಮದ್ಯದ ಲೋಟ ಹಿಡಿದು ಸಿರಿವಂತಿಕೆಯ ಸೋಗು ಹಾಕುವ ಬ್ರೂಸ್, ತಾನು ಪ್ರೀತಿಸಿದ ರೇಚಲ್ ಸತ್ತ ಮರುದಿನ ಕುರ್ಚಿಯಲ್ಲಿ ಕುಸಿದು ಕುಳಿತ ಬ್ರೂಸ್, ಈ ಇಬ್ಬರ ನಡುವಿನ ಅಂತರವನ್ನು ಅವನು ಮುಖದಿಂದಲೇ ತೋರಿಸಬಲ್ಲ. ತೋರಿಸಲು ಚಿತ್ರ ಅವನಿಗೆ ಬಿಡುವು ಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ಒಂದು ಉದಾಹರಣೆ ಸಾಕು. ಜೋಕರ್‌ನನ್ನು ಹುಡುಕಲು ಬ್ರೂಸ್ ಇಡೀ ಊರಿನ ಮೊಬೈಲುಗಳನ್ನು ಗೂಢಚಾರಿಕೆಯ ಸಾಧನವಾಗಿ ಮಾರ್ಪಡಿಸುತ್ತಾನೆ. ಬ್ರೂಸ್‌ನ ಕಂಪನಿಯನ್ನು ನಡೆಸುವ, ಮಾರ್ಗನ್ ಫ್ರೀಮನ್‌ನ ಲೂಷಿಯಸ್ ಫಾಕ್ಸ್ ಆ ಯಂತ್ರದ ಮುಂದೆ ನಿಂತು, ಇದು ಇರುವವರೆಗೆ ತಾನು ಇಲ್ಲಿ ಕೆಲಸ ಮಾಡುವುದಿಲ್ಲ ಎನ್ನುತ್ತಾನೆ. ನಾಯಕ ನಿಜವಾಗಿ ಕತ್ತಲೆಯ ಕಡೆಗೆ ಹೆಜ್ಜೆಯಿಟ್ಟ ಗಳಿಗೆ ಇದು. ಜೋಕರ್‌ನ ಯಾವ ಭಾಷಣಕ್ಕಿಂತಲೂ ಹೆಚ್ಚು ಕಾಡಬೇಕಾದದ್ದು. ಚಿತ್ರ ಇದನ್ನು ಕೆಲವೇ ನಿಮಿಷಗಳಲ್ಲಿ ದಾಟಿ, ಕೊನೆಗೆ ಫಾಕ್ಸ್ ತನ್ನ ಹೆಸರು ಒತ್ತಿದೊಡನೆ ಯಂತ್ರ ಸುಟ್ಟುಹೋಗುವಂತೆ ಮಾಡಿ, ಪಾಪವನ್ನೂ ಪ್ರಾಯಶ್ಚಿತ್ತವನ್ನೂ ಒಟ್ಟಿಗೆ ಮುಗಿಸಿಬಿಡುತ್ತದೆ. ಖಳನಿಗೆ ತುಟಿ ಚಪ್ಪರಿಸಲು ಸಿಕ್ಕಷ್ಟು ಸಮಯ ನಾಯಕನಿಗೆ ತನ್ನ ತಪ್ಪನ್ನು ಯೋಚಿಸಲು ಸಿಕ್ಕಿಲ್ಲ.

ಯಕ್ಷಗಾನದ ಸಾಕ್ಷ್ಯವನ್ನು ಆ ಪಕ್ಷ ಎಳೆದು ತಂದದ್ದರಿಂದ ನಾನೂ ತರುತ್ತೇನೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ನಮ್ಮ ತಾಲ್ಲೂಕಿನ ಜನ ಗದ್ದೆ ಬದು ದಾಟಿ ಹೋಗುತ್ತಿದ್ದರು. ಸೈರಂಧ್ರಿಯನ್ನು ಕಂಡ ಕೀಚಕನ ಶೃಂಗಾರಕ್ಕೆ ಕುಳಿತ ಸಭೆ, ಅವನ ವಧೆಯಾದ ಕೂಡಲೇ ಕಂಬಳಿ ಕೊಡವಿ ಚಹಾದ ಅಂಗಡಿಯ ಕಡೆ ಹೊರಡುತ್ತಿತ್ತು. ಭೀಮನ ವೇಷಧಾರಿಗೆ ಇದು ಗೊತ್ತಿರುತ್ತಿತ್ತು. ಇದನ್ನು ಕೀಚಕನ ಹಿರಿಮೆ ಎನ್ನಬಹುದು, ನಾನೂ ಎನ್ನುತ್ತೇನೆ. ಪ್ರಸಂಗದ ಹಿರಿಮೆ ಎನ್ನಲಾರೆ. ಒಬ್ಬ ಕಲಾವಿದನ ಗೆಲುವು ಮತ್ತು ಕಥೆಯ ಗೆಲುವು ಒಂದೇ ಅಲ್ಲ ಎಂಬುದನ್ನು ಮೇಳದ ಯಜಮಾನರೂ ಬಲ್ಲರು, ಟಿಕೆಟ್ಟು ಹರಿಯುವಾಗ ಹೇಳುವುದಿಲ್ಲ ಅಷ್ಟೆ.

ಹೆಚ್ಚು ನಷ್ಟವಾದದ್ದು ಹಾರ್ವಿ ಡೆಂಟ್‌ಗೆ. ಕಥೆಯ ಹಂದರವನ್ನು ನೋಡಿದರೆ ಇದು ಅವನ ದುರಂತ: ಊರೇ ನಂಬಿದ ಸರ್ಕಾರಿ ವಕೀಲ, ತಾನೂ ಪ್ರೀತಿಸಿದ ರೇಚಲ್‌ಳನ್ನು ಕಳೆದುಕೊಂಡು, ಅರ್ಧ ಮುಖ ಸುಟ್ಟು, ನ್ಯಾಯವನ್ನು ನಾಣ್ಯದ ಚಿಮ್ಮುವಿಕೆಗೆ ಬಿಟ್ಟುಕೊಡುತ್ತಾನೆ. ಆರನ್ ಎಕ್‌ಹಾರ್ಟ್ ಮೊದಲ ಭಾಗದಲ್ಲಿ ಆ ಹಲ್ಲು ತೋರಿಸುವ ನಗುವಿನ ಅಡಿಯಲ್ಲಿ ಸಿಟ್ಟನ್ನು ಎಷ್ಟು ಹದವಾಗಿ ಬಚ್ಚಿಟ್ಟಿದ್ದಾನೆಂದರೆ, ಜೋಕರ್‌ನ ಸಹಚರನ ಹಣೆಗೆ ಪಿಸ್ತೂಲು ಹಿಡಿದು ನಾಣ್ಯ ಚಿಮ್ಮುವ ದೃಶ್ಯದಲ್ಲೇ ಮುಂದಿನದೆಲ್ಲ ಕಾಣಿಸುತ್ತದೆ. ಅಷ್ಟು ಬೀಜ ಬಿತ್ತಿದ ಮೇಲೆ ಬೆಳೆಗೆ ಉಳಿದದ್ದು ಕೊನೆಯ ಮುಕ್ಕಾಲು ಗಂಟೆ. ಅದರಲ್ಲೂ ಜೋಕರ್ ಸಿಡಿಮದ್ದು ಇಟ್ಟ ಎರಡು ಹಡಗುಗಳ ಗದ್ದಲ ಅರ್ಧ ಪಾಲು ಕೇಳುತ್ತದೆ. ಆಸ್ಪತ್ರೆಯ ಹಾಸಿಗೆಯ ಪಕ್ಕ ಜೋಕರ್ ಮಾಡುವ ಒಂದು ಮಾತುಕತೆಗೆ ಅವನು ಬದಲಾಗಿ ಎದ್ದು ನಡೆಯುತ್ತಾನೆ. ದಾದಿಯ ಉಡುಪಿನಲ್ಲಿ ಬಂದ ಲೆಡ್ಜರ್ ಆ ದೃಶ್ಯವನ್ನು ಎಷ್ಟು ಸೊಗಸಾಗಿ ಎಳೆದುಕೊಳ್ಳುತ್ತಾನೆಂದರೆ, ಬದಲಾಗುತ್ತಿರುವವನು ಹಾಸಿಗೆಯಲ್ಲಿದ್ದಾನೆ ಎಂಬುದೇ ಮರೆತುಹೋಗುತ್ತದೆ. ತನಗೆ ಯೋಜನೆಯೇ ಇಲ್ಲ ಎಂದು ಅಲ್ಲಿ ಹೇಳಿಕೊಳ್ಳುವವನು ಅದೇ ಆಸ್ಪತ್ರೆಗೆ ಮೊದಲೇ ಸಿಡಿಮದ್ದು ಇಟ್ಟಿರುತ್ತಾನೆ. ಅವನು ಸುಳ್ಳುಗಾರ, ಸರಿ. ಆದರೆ ಕಾನೂನು ಓದಿದ ಡೆಂಟ್‌ಗೆ ಅದನ್ನು ಕೇಳುವ ಒಂದು ಮಾತಾದರೂ ಬೇಡವೇ?

ಮ್ಯಾಗಿ ಜಿಲನ್‌ಹಾಲ್ ಮೊದಲ ಚಿತ್ರದ ಕೇಟಿ ಹೋಮ್ಸ್‌ಗಿಂತ ಹೆಚ್ಚು ಗಟ್ಟಿಯಾದ ರೇಚಲ್ ಆಗಿದ್ದರೂ, ಇಬ್ಬರು ಗಂಡಸರ ದುಃಖಕ್ಕೆ ಕಾರಣವಾಗುವುದಕ್ಕಿಂತ ಹೆಚ್ಚಿನ ಕೆಲಸ ಅವಳಿಗಿಲ್ಲ. ಗ್ಯಾರಿ ಓಲ್ಡ್‌ಮನ್‌ನ ಪೊಲೀಸ್ ಅಧಿಕಾರಿ ಗಾರ್ಡನ್ ಬಗ್ಗೆ ಮಾತ್ರ ನನಗೆ ದೂರಿಲ್ಲ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ ನಟನೆ ಅವನದೇ: ಮಗನ ಪ್ರಾಣಕ್ಕಾಗಿ ಡೆಂಟ್‌ನ ಮುಂದೆ ಅಂಗಲಾಚುವಾಗ ಆ ಮೀಸೆಯ ಸಾಧಾರಣ ಮನುಷ್ಯ, ಕವಚ ತೊಟ್ಟವರು ಯಾರೂ ಮುಟ್ಟಲಾಗದ ಕಡೆ ಮುಟ್ಟುತ್ತಾನೆ. ಅವನಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ, ಚಿತ್ರದ ಮಾತು ಬಂದಾಗ ಅವನ ಹೆಸರೂ ಬರುವುದಿಲ್ಲ.

ಕರೆಂಟು ಹತ್ತು ನಿಮಿಷದಲ್ಲಿ ಬಂದಿತ್ತು. ಜೋಕರ್ ತಲೆಕೆಳಗಾಗಿ ನೇತಾಡುವಾಗ ಕ್ಯಾಮೆರಾ ತಿರುಗಿ ಅವನನ್ನು ನೆಟ್ಟಗೆ ನಿಲ್ಲಿಸುತ್ತದೆ. ಅವನ ನಗುವೊಂದನ್ನು ಕೇಳಿಸಿ ಚಿತ್ರ ಅವನನ್ನು ಅಲ್ಲಿಗೆ ಬಿಟ್ಟುಬಿಡುತ್ತದೆ. ಗಂಟಲಿನ ಬಗ್ಗೆ ಕೇಳಿದ್ದ ಹಿರಿಯರು ಆಗ ಎದ್ದು, “ಆಯ್ತಲ, ಇನ್ನೆಂತ ಉಂಟು?” ಎನ್ನುತ್ತ ಕೊಡೆ ಮತ್ತು ಟಾರ್ಚು ಹುಡುಕಿದರು. ಡೆಂಟ್‌ನ ಸಾವು, ಗಾರ್ಡನ್‌ನ ಅಂಗಲಾಚಿಕೆ, ಬ್ಯಾಟ್‌ಮನ್ ಹೊತ್ತುಕೊಳ್ಳುವ ಕಳಂಕ ಎಲ್ಲವೂ ಇನ್ನೂ ಬಾಕಿಯಿತ್ತು. ಅವರೊಂದಿಗೆ ಇನ್ನೂ ನಾಲ್ವರು ಎದ್ದರು. ಕೊನೆಯವರೆಗೆ ಕುಳಿತವರು ನಾವು ಮೂರೇ ಜನ.