ಗೇಟ್ ಲೈಟು ಆರಿಸಿದ್ಯಾ?

ನಮ್ಮ ಮನೆ ಕಟ್ಟಿಸಿದ್ದು ಅಪ್ಪ. ಕೆಳಗೆ ಬಾಡಿಗೆಯವರಿಗೆ, ಮೇಲೆ ನಮಗೆ. ಎಲ್ಲ ಸರಿಯಾಗೇ ಕಟ್ಟಿಸಿದರು, ಗೇಟ್ ಲೈಟಿನ ಸ್ವಿಚ್ ಒಂದನ್ನು ಬಿಟ್ಟು. ಅದನ್ನು ಮೆಟ್ಟಿಲ ಕೆಳಗೆ, ಸಂಪಿನ ಮೋಟಾರ್ ಸ್ವಿಚ್ಚಿನ ಪಕ್ಕದಲ್ಲಿ ಕೂರಿಸಿಬಿಟ್ಟರು. ಯಾಕೆ ಅಂತ ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಈಗ ಅವರಿಲ್ಲ, ಸ್ವಿಚ್ ಇದೆ. ಅದಕ್ಕೂ ನನಗೂ ಮಧ್ಯೆ 19 ಮೆಟ್ಟಿಲಿವೆ.

ರಾತ್ರಿ ಹತ್ತಕ್ಕೆ ಹಾಸಿಗೆ ಮೇಲೆ ಕಾಲು ಚಾಚಿದ ಕೂಡಲೇ ಅಮ್ಮನ ರೂಮಿನಿಂದ ಪ್ರಶ್ನೆ ಬರುತ್ತದೆ. "ಗೇಟ್ ಲೈಟು ಆರಿಸಿದ್ಯೇನೋ?"

ಆರಿಸಿರುವುದಿಲ್ಲ. ಚಪ್ಪಲಿ ಹುಡುಕಿ, ಲುಂಗಿ ಎತ್ತಿ ಕಟ್ಟಿ, 19 ಇಳಿದು 19 ಹತ್ತಿ ಬರುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ. ಒಂದು ಮಳೆ ರಾತ್ರಿ ಒಂಬತ್ತನೇ ಮೆಟ್ಟಿಲಲ್ಲಿ ಜಾರಿ ಹನ್ನೆರಡನೆಯದರಲ್ಲಿ ಕುಳಿತೆ. ಅಲ್ಲಿ ಕುಳಿತೇ ನಿರ್ಧಾರ ಮಾಡಿದೆ. ಇನ್ನು ಮುಂದೆ ಈ ಲೈಟು ನನ್ನ ಫೋನಿನ ಮಾತು ಕೇಳಬೇಕು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಮಾಡುವುದು ಲೆಕ್ಕಪತ್ರದ ಕೆಲಸ. ಇಪ್ಪತ್ತು ವರ್ಷದಿಂದ ಸೋಲ್ಡರಿಂಗ್ ಐರನ್ ಮುಟ್ಟಿಲ್ಲ. ಆದರೂ ಶನಿವಾರ ಬೆಳಿಗ್ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌.ಪಿ. ರೋಡಿಗೆ ಹೋದೆ. ಆ ರಸ್ತೆಯಲ್ಲಿ ಸಿಗದ ವಸ್ತು ಅಂದರೆ ಪಾರ್ಕಿಂಗ್ ಒಂದೇ. ಅಂಗಡಿಯ ಹುಡುಗನಿಗೆ ಚೀಟಿ ಕೊಟ್ಟೆ. ಆರ್ಡುಯಿನೊ ಊನೊ ಬೋರ್ಡು ಒಂದು, ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಒಂದು, ರಿಲೇ ಒಂದು, ಜಂಪರ್ ವೈರು ಒಂದು ಕಟ್ಟು. ಬೋರ್ಡು ಅಂದರೆ ಹೇಳಿದ್ದನ್ನು ಮಾಡುವ ಪುಟ್ಟ ಕಂಪ್ಯೂಟರು, ಮಾಡ್ಯೂಲು ಅದಕ್ಕೆ ಫೋನಿನ ಮಾತು ತಲುಪಿಸುವ ಚೂರು, ರಿಲೇ ಅದರ ಮಾತಿನಂತೆ ಲೈಟಿನ ಕರೆಂಟು ಹಾಕಿ ತೆಗೆಯುವ ಸ್ವಿಚ್ಚು. ಅವನು ತಲೆ ಎತ್ತದೆ ಕೇಳಿದ, "ಪ್ರಾಜೆಕ್ಟಾ? ಯಾವ ಸೆಮ್ಮು?" ಆಮೇಲೆ ತಲೆ ಎತ್ತಿ ನನ್ನ ನರೆ ನೋಡಿ, "ಮಗಂದಾ ಸಾರ್?" ಅಂದ. ಹೂಂ ಅಂದೆ. ನನಗಿರುವುದು ಮಗಳು.

ಮನೆಗೆ ಬರುವ ಮೆಟ್ರೋದಲ್ಲಿ ಫೋನ್ ತೆಗೆದು ಒಂದಿಷ್ಟು ಓದಿದೆ. ಬ್ಲೂಟೂತ್ ಅನ್ನುವುದು 10ನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡನ ಅಡ್ಡಹೆಸರಂತೆ. ಒಡೆದುಹೋಗಿದ್ದ ಜನರನ್ನು ಒಂದು ಮಾಡಿದವನು ಅಂತ 1990ರ ದಶಕದಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಆ ಹೆಸರು ಸೂಚಿಸಿದರು. ಸದ್ಯಕ್ಕೆ ಇರಲಿ ಅಂತ ಇಟ್ಟದ್ದು, ಹಾಗೇ ಉಳಿದುಹೋಯಿತು. ನಮ್ಮಲ್ಲಿ ಪುಟ್ಟ, ಚಿನ್ನಿ ಅಂತ ಕರೆದದ್ದು ಅರವತ್ತಾದರೂ ಬಿಡುವುದಿಲ್ಲವಲ್ಲ, ಹಾಗೆ. ಆರ್ಡುಯಿನೊ ಕೂಡ ರಾಜನೇ. 1002ರಿಂದ 1014ರವರೆಗೆ ಇಟಲಿಯ ದೊರೆ. ಇವ್ರಿಯಾ ಅನ್ನುವ ಊರಿನಲ್ಲಿ ಅವನ ಹೆಸರಿನದೊಂದು ಬಾರ್ ಇತ್ತು. ಅಲ್ಲಿ ಕೂರುತ್ತಿದ್ದ ಮೇಷ್ಟ್ರುಗಳು 2005ರಲ್ಲಿ ಈ ಬೋರ್ಡು ಮಾಡಿ ಬಾರಿನ ಹೆಸರನ್ನೇ ಇಟ್ಟರು. ಅಂತೂ ಇಬ್ಬರು ರಾಜರನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದೆ. ಅವರಿಬ್ಬರಿಗೆ ಮಾತು ಬೆಳೆಸುವುದಷ್ಟೇ ಬಾಕಿ.

ಅದೇ ಆಗಲಿಲ್ಲ.

ಮಾಡ್ಯೂಲಿನಲ್ಲಿ ಟಿಎಕ್ಸ್ ಅಂತೊಂದು ಕಾಲು, ಆರ್‌ಎಕ್ಸ್ ಅಂತೊಂದು ಕಾಲು. ಬೋರ್ಡಿನಲ್ಲೂ ಅವೇ ಹೆಸರು. ಹೆಸರಿಗೆ ಹೆಸರು ಹೊಂದಿಸಿ ವೈರು ಚುಚ್ಚಿದೆ. ತಾಳೆ ನೋಡುವುದು ಇಪ್ಪತ್ತು ವರ್ಷದ ಅಭ್ಯಾಸ. ಎರಡು ಗಂಟೆ ಕಳೆದರೂ ಒಂದಕ್ಷರ ದಾಟಲಿಲ್ಲ. ಆಮೇಲೆ ಹೊಳೆಯಿತು. ಟಿಎಕ್ಸ್ ಅಂದರೆ ಬಾಯಿ, ಆರ್‌ಎಕ್ಸ್ ಅಂದರೆ ಕಿವಿ. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೆ. ಹೆಂಡತಿಗೆ ಹೇಳಿದೆ. "ನಿಮ್ಮ ಮನೆಯವರ ಥರ ಅನ್ನಿ. ಎಲ್ಲರೂ ಮಾತಾಡೋರೇ, ಕೇಳೋರಿಲ್ಲ" ಅಂದಳು. ಟೆಕ್ನಿಕಲ್ ಆಗಿ ಸರಿಯಾಗೇ ಇತ್ತು, ತೆಪ್ಪಗಾದೆ.

ಅದಲ್ಲದೆ ಈ ಮಾಡ್ಯೂಲಿನ ಕಿವಿ ಬಲು ಸೂಕ್ಷ್ಮ. ಅದಕ್ಕೆ 3.3 ವೋಲ್ಟು ಸಾಕು. ಆರ್ಡುಯಿನೊ ಮಾತಾಡುವುದು 5 ವೋಲ್ಟಿನಲ್ಲಿ, ಅಂದರೆ ಕಿರುಚಿ. ಮಧ್ಯೆ 1 ಕಿಲೋ ಓಮಿನ ರೆಸಿಸ್ಟರು, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮು ಹಾಕಿದರೆ ದನಿ ತಗ್ಗುತ್ತದೆ. ನನ್ನ ಹತ್ತಿರ 2 ಕಿಲೋದು ಇರಲಿಲ್ಲ, ಎರಡು ಒಂದು ಕಿಲೋದವನ್ನು ಸಾಲಾಗಿ ಕಟ್ಟಿದೆ. ಆ ಇಡೀ ದಿನದಲ್ಲಿ ನಾನು ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಮುಂದೆ ಪ್ರೋಗ್ರಾಂ ತುಂಬಬೇಕು. ಫೋನಿನಿಂದ 1 ಬಂದರೆ ಲೈಟು ಹಚ್ಚು, 0 ಬಂದರೆ ಆರಿಸು. ಇಷ್ಟೇ. ಅಪ್‌ಲೋಡ್ ಒತ್ತಿದರೆ ಲ್ಯಾಪ್‌ಟಾಪಿನಲ್ಲಿ ಕೆಂಪು ಸಾಲು, "ನಾಟ್ ಇನ್ ಸಿಂಕ್". ಒಂದು ಸಲ ಅಲ್ಲ, ಒತ್ತಿದಾಗೆಲ್ಲ ಹತ್ತು ಸಲ ಲೆಕ್ಕ ಹಾಕಿ ಹೇಳುತ್ತಿತ್ತು. ಕೇಬಲ್ ಬದಲಾಯಿಸಿದೆ, ಡ್ರೈವರ್ ಮತ್ತೆ ಹಾಕಿದೆ, ಕೊನೆಗೆ ಕಾಫಿ ಕುಡಿದೆ. ಆಮೇಲೆ ಗೊತ್ತಾಯಿತು. ಬ್ಲೂಟೂತನ್ನು ನಾನು ಸಿಕ್ಕಿಸಿದ್ದ 0 ಮತ್ತು 1ನೇ ಪಿನ್ನುಗಳಲ್ಲೇ ಯುಎಸ್‌ಬಿಯ ಪ್ರೋಗ್ರಾಮೂ ಓಡಾಡಬೇಕು. ಒಂದೇ ಗಲ್ಲಿಗೆ ಎರಡು ಕಡೆಯಿಂದ ಆಟೋ ನುಗ್ಗಿದ ಹಾಗೆ. ವೈರು ಕಿತ್ತೆ, ತುಂಬಿದೆ, ವೈರು ಚುಚ್ಚಿದೆ. ಬೇರೆ ಪಿನ್ನುಗಳಿಗೆ ಹಾಕಿ ಸಾಫ್ಟ್‌ವೇರಿನಲ್ಲಿ ಹೇಳಿಬಿಡಬಹುದಿತ್ತು ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ನಲವತ್ತು ಸಲ ಕಿತ್ತು ಚುಚ್ಚಿಯಾಗಿತ್ತು.

"ಏನೋ ಅದು, ಬೆಳಿಗ್ಗೆಯಿಂದ ಕಂಪ್ಯೂಟರ್ ಬಿಟ್ಟೆದ್ದಿಲ್ಲ?" ಅಂತ ಅಮ್ಮ ಬಂದರು.

"ಸೀರಿಯಲ್ ನೋಡ್ತಿದ್ದೀನಮ್ಮ." ಆರ್ಡುಯಿನೊದಲ್ಲಿ ಬಂದು ಹೋಗುವ ಅಕ್ಷರ ನೋಡುವ ಕಿಟಕಿಗೆ ಸೀರಿಯಲ್ ಮಾನಿಟರ್ ಅಂತ ಹೆಸರು.

ಅಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಪರದೆ ತುಂಬ ತಲೆಕೆಳಗಾದ ಪ್ರಶ್ನೆ ಗುರುತುಗಳು ಸುರಿಯುತ್ತಿದ್ದವು. ಬೋರ್ಡು 9,600ರ ವೇಗದಲ್ಲಿ ಹೇಳುತ್ತಿತ್ತು, ನಾನು 1,15,200ರಲ್ಲಿ ಕೇಳುತ್ತಿದ್ದೆ. ಅಮ್ಮ ಒಂದು ನಿಮಿಷ ನೋಡಿ, "ಇದಕ್ಕಿಂತ ಏಳೂವರೆದೇ ವಾಸಿ" ಅಂತ ಎದ್ದು ಹೋದರು.

ಸಂಜೆ ಹೊತ್ತಿಗೆ ಫೋನಿನ ಸರದಿ. ಆ್ಯಪು ಹುಡುಕಾಟ ಶುರು ಮಾಡುವ ಮೊದಲು ಲೊಕೇಶನ್ ಅನುಮತಿ ಕೇಳಿತು. ನನ್ನದು ಹಳೇ ಆಂಡ್ರಾಯ್ಡ್. ಅದರಲ್ಲಿ ಅಕ್ಕಪಕ್ಕದ ಬ್ಲೂಟೂತ್ ಹುಡುಕಬೇಕಾದರೆ ನಾನೆಲ್ಲಿದ್ದೇನೆ ಅಂತ ಹೇಳಲೇಬೇಕು. ಹೇಳಿದೆ. ಪಟ್ಟಿಯಲ್ಲಿ ಎಚ್‌ಸಿ-05 ಅಂತ ಬಂತು. ಅದರ ಕೆಳಗೆ ಇನ್ನೊಂದು ಸಲ ಎಚ್‌ಸಿ-05 ಅಂತ ಬಂತು. ಹಳೇ ಫೋನು, ತೊದಲುತ್ತಿದೆ ಅಂದುಕೊಂಡೆ. ಒಂದನ್ನು ಒತ್ತಿ ಪಿನ್ 1234 ಕೊಟ್ಟೆ. ಪೇರ್ ಆಯಿತು! ಟೇಬಲ್ ಮೇಲೆ ಇಟ್ಟಿದ್ದ ಬಲ್ಬಿನ ಮುಂದೆ ಮನೆಯವರನ್ನೆಲ್ಲ ನಿಲ್ಲಿಸಿ 1 ಒತ್ತಿದೆ. ಬಲ್ಬು ಹತ್ತಲಿಲ್ಲ. ಕೆಳಗಿನ ಮನೆಯಲ್ಲಿ ಏನೋ ಧಡ್ ಅಂತ ಬಿದ್ದ ಸದ್ದಾಯಿತು. ಇನ್ನೊಂದು ಸಲ ಒತ್ತಿದೆ. ಸ್ಟೀಲ್ ಪಾತ್ರೆ ಉರುಳಿತು. "ಪಾಪ, ಅವರ ಮನೇಲಿ ಬೆಕ್ಕು ಬಂದಿರಬೇಕು" ಅಂದಳು ಹೆಂಡತಿ.

ಪಟ್ಟಿಯ ಇನ್ನೊಂದು ಹೆಸರು ಒತ್ತಿದಾಗ ಬಲ್ಬು ಹತ್ತಿತು. ಹತ್ತಿತು ಅಂದರೆ, ಆರಿಸು ಅಂದಾಗ ಹತ್ತಿತು, ಹಚ್ಚು ಅಂದಾಗ ಆರಿತು. ನಾನು ತಂದ ರಿಲೇ ಉಲ್ಟಾ ಜಾತಿಯದು, ಪಿನ್ನಿಗೆ ಹೈ ಕೊಟ್ಟರೆ ಆಫ್, ಲೋ ಕೊಟ್ಟರೆ ಆನ್. ಪ್ರೋಗ್ರಾಮಿನಲ್ಲಿ ಎರಡು ಪದ ಅದಲು ಬದಲು ಮಾಡಿದರೆ ಮುಗಿಯಿತು, ಆದರೆ ಮತ್ತೆ ವೈರು ಕೀಳಬೇಕಲ್ಲ. "ಆನ್ ಅಂದರೆ ಆಫ್ ಅಂತ ನೆನಪಿಟ್ಟುಕೊಳ್ಳಿ" ಅಂತ ಮನೆಯವರಿಗೇ ಹೇಳಿ ನೋಡಿದೆ. ಮಗಳು ನನ್ನ ಮುಖ ನೋಡಿದ ರೀತಿಗೆ ನಲವತ್ತೊಂದನೇ ಸಲ ಕಿತ್ತೆ.

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮೆಟ್ಟಿಲ ಕೆಳಗೆ ಕೂರಿಸಿದರು. ಆಸೆ ನೋಡಿ, ಹಾಗೇ ಸಂಪಿನ ಮೋಟಾರನ್ನೂ ಇದಕ್ಕೇ ಕೊಟ್ಟುಬಿಡಿ ಅಂದೆ. ಅವರು ರಿಲೇಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಸಾರ್, ಮೋಟಾರ್ ಸ್ಟಾರ್ಟ್ ಆಗೋವಾಗ ಎಳೆಯೋ ಕರೆಂಟಿಗೆ ಇದರ ಪಾಯಿಂಟು ಅಂಟ್ಕೊಂಡ್ಬಿಡತ್ತೆ. ಆಮೇಲೆ ನೀವು ಫೋನಲ್ಲಿ ಎಷ್ಟು ಒತ್ತಿದ್ರೂ ಮೋಟಾರ್ ನಿಲ್ಲಲ್ಲ. ಪಕ್ಕದ ಮನೆಯವರು ಟ್ಯಾಂಕ್ ತುಂಬ್ತು ಅಂತ ಕೂಗ್ತಾರೆ, ಕೂಗಿದ್ಮೇಲೆ ಇಳಿದು ಬರ್ತೀರ." ಮೋಟಾರಿನ ಮಾತು ಅಲ್ಲಿಗೇ ಬಿಟ್ಟೆ.

ಟೇಬಲ್ ಮೇಲೆ ಚೆನ್ನಾಗಿ ಓಡಿದ್ದು ಮೆಟ್ಟಿಲ ಕೆಳಗೆ ಹೋದ ಮೇಲೆ ಮುನಿಸಿಕೊಂಡಿತು. ಸುಮಾರು 10 ಮೀಟರ್ ದೂರ ಹೋಗುತ್ತದೆ ಅನ್ನುತ್ತಾರೆ. ಮಧ್ಯೆ ಅಪ್ಪ ಹಾಕಿಸಿದ ಆರ್‌ಸಿಸಿ ಇದೆ ಅಂತ ಅವರಿಗೆ ಗೊತ್ತಿಲ್ಲ. ಹಾಲಿನಲ್ಲಿ ಸಿಗುವುದಿಲ್ಲ, ರೂಮಿನಲ್ಲಿ ಸಿಗುವುದಿಲ್ಲ. ಬಾಲ್ಕನಿಯ ಕೊನೆಗೆ ಹೋಗಿ, ಸರಳಿನಿಂದ ಅರ್ಧ ಮೈ ಆಚೆ ಹಾಕಿ, ಕೈ ಚಾಚಿ ಫೋನನ್ನು ಕೆಳಮುಖ ಹಿಡಿದರೆ ಸಿಗುತ್ತದೆ. ದಿನಾ ರಾತ್ರಿ ಹತ್ತಕ್ಕೆ ಲುಂಗಿಯಲ್ಲಿ ಆ ಭಂಗಿ. ಎದುರು ಮನೆಯ ಆಂಟಿ ನಾಲ್ಕು ದಿನ ನೋಡಿ ಐದನೇ ದಿನ ಕೇಳಿದರು, "ಯಾಕ್ರೀ, ನೆಟ್‌ವರ್ಕ್ ಸಿಗ್ತಿಲ್ವಾ?"

ಆದರೂ ಮೆಟ್ಟಿಲು ಇಳಿಯುವುದು ತಪ್ಪಿತಲ್ಲ ಅಂತ ಸಮಾಧಾನದಲ್ಲಿದ್ದೆ. ಆಮೇಲೆ ಲೈಟು ತನ್ನಷ್ಟಕ್ಕೆ ಹತ್ತಿ ಆರತೊಡಗಿತು.

ಮೊದಲು ನೋಡಿದ್ದು ಅಮ್ಮ. ರಾತ್ರಿ ಒಂದು ಗಂಟೆಗೆ ಲೈಟು ತಾನೇ ಆರಿತಂತೆ. "ನಿಮ್ಮಪ್ಪನೇ ಕಣೋ. ಕರೆಂಟ್ ಬಿಲ್ ಅಂದ್ರೆ ಅವರಿಗೆ ಜೀವ ಹೋಗ್ತಿತ್ತು." ಮಾರನೇ ರಾತ್ರಿ ತಾನೇ ಹತ್ತಿತು. ಅಮ್ಮನ ದನಿ ಬದಲಾಯಿತು. "ಇದು ಅವರಲ್ಲ. ಅವರು ಹಚ್ಚೋರಲ್ಲ."

ಅದೇ ಹೊತ್ತಿಗೆ ನನ್ನ ಫೋನಿನಲ್ಲಿ "ಕನೆಕ್ಷನ್ ಫೇಲ್ಡ್" ಶುರುವಾಯಿತು. ಬಾಲ್ಕನಿಯಿಂದ ಮುಕ್ಕಾಲು ಮೈ ಆಚೆ ಹಾಕಿದರೂ ಅದೇ. ಕೊನೆಗೆ ಟಾರ್ಚ್ ಹಿಡಿದು 19 ಮೆಟ್ಟಿಲು ಇಳಿದು ಡಬ್ಬಿಯ ಮುಚ್ಚಳ ತೆಗೆದೆ. ಎಚ್‌ಸಿ-05ರ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ದೀಪ ಇರುತ್ತದೆ. ಯಾರೂ ಸಿಗದಿದ್ದಾಗ ಪಟಪಟ ಅಂತ ಹೊಡೆದುಕೊಳ್ಳುತ್ತದೆ. ಜೊತೆ ಸಿಕ್ಕ ಮೇಲೆ ನಿಧಾನ, ಎರಡು ಸಲ ಮಿಣುಕಿ ಸುಮ್ಮನಾಗಿ, ಮತ್ತೆ ಎರಡು ಸಲ ಮಿಣುಕುತ್ತದೆ. ನನ್ನ ಫೋನು ನನ್ನ ಕೈಯಲ್ಲೇ ಇತ್ತು, ಕನೆಕ್ಟ್ ಆಗಿರಲಿಲ್ಲ. ಮಾಡ್ಯೂಲು ಮಾತ್ರ ಎರಡೆರಡು ಸಲ ಮಿಣುಕುತ್ತ ಯಾರ ಜೊತೆಗೋ ನೆಮ್ಮದಿಯಾಗಿತ್ತು. ಈ ಮಾಡ್ಯೂಲು ಒಂದು ಸಲಕ್ಕೆ ಒಬ್ಬರ ಜೊತೆಗಷ್ಟೇ ಮಾತಾಡುವುದು.

ಅಷ್ಟರಲ್ಲಿ ಗೇಟ್ ಲೈಟು ಹತ್ತಿತು, ಆರಿತು, ಹತ್ತಿತು. ಕೆಳಗಿನ ಮನೆಯ ಕಿಟಕಿಯಿಂದ ಒಂದು ದನಿ ಕೇಳಿಸಿತು. "ಥೂ, ಮುಂದಕ್ಕೆ ಹೋಗೇ!"

ಬಾಡಿಗೆಯವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಬಾಗಿಲು ತಟ್ಟಿದೆ. ನೆಲದ ಮೇಲೆ ನಾಲ್ಕು ಚಕ್ರದ ಪುಟ್ಟ ಕಾರು, ಅದರ ಬೆನ್ನ ಮೇಲೆ ನನ್ನ ಹತ್ತಿರ ಇದ್ದಂಥದೇ ಎಚ್‌ಸಿ-05. ಮುಂದಿನ ವಾರ ಪ್ರಾಜೆಕ್ಟ್ ತೋರಿಸಬೇಕಂತೆ. "ವಾರದಿಂದ ಕಾರು ಒಂದೊಂದು ದಿನ ಅಲ್ಲಾಡಲ್ಲ ಅಂಕಲ್. ಕನೆಕ್ಟೆಡ್ ಅಂತ ತೋರಿಸುತ್ತೆ, ಮುಂದಕ್ಕೆ ಅಂತ 1 ಕಳಿಸ್ತೀನಿ, ನಿಲ್ಲು ಅಂತ 0 ಕಳಿಸ್ತೀನಿ, ಏನೂ ಆಗಲ್ಲ. ಮೋಟಾರ್ ಡ್ರೈವರ್ ಎರಡು ಸಲ ಬದಲಾಯಿಸಿದೆ. ಆದ್ರೆ ಆ ಶನಿವಾರ ನೋಡಿ, ನಾನು ಮುಟ್ಟೇ ಇಲ್ಲ, ತಾನೇ ಓಡಿ ಹೋಗಿ ಕುಕ್ಕರಿಗೆ ಗುದ್ದಿಬಿಡ್ತು!"

ಬೆಕ್ಕಿನ ವಿಷಯ ನಾನು ಎತ್ತಲಿಲ್ಲ.

ಈ ಮಾಡ್ಯೂಲುಗಳೆಲ್ಲ ಹುಟ್ಟುವಾಗ ಒಂದೇ ಹೆಸರು, ಸಾಮಾನ್ಯವಾಗಿ ಒಂದೇ ಪಿನ್ ನಂಬರು. ಹುಡುಗ ನನ್ನ ಡಬ್ಬಿ ತೆಗೆದು, ಮಾಡ್ಯೂಲಿನ ಮೂಲೆಯ ಸಣ್ಣ ಗುಂಡಿಯನ್ನು ಉಗುರಿನಲ್ಲಿ ಒತ್ತಿ ಹಿಡಿದೇ ಕರೆಂಟು ಕೊಟ್ಟ. ದೀಪ ಎರಡು ಸೆಕೆಂಡಿಗೊಂದು ಸಲ ತೂಕಡಿಸುವ ಹಾಗೆ ಮಿಣುಕಿತು. ಲ್ಯಾಪ್‌ಟಾಪಿನಲ್ಲಿ ವೇಗ 38,400 ಮಾಡಿಕೊಂಡು ಇದ್ದೀಯಾ ಅಂತ ಕೇಳುವ ಎಟಿ ಬರೆದ, ಓಕೆ ಅಂತ ಉತ್ತರ ಬಂತು. ನಾನು ವಾರವಿಡೀ ಅದರಿಂದ ಹೊರಡಿಸಲಾಗದ ಎರಡು ಅಕ್ಷರ. ಹೆಸರು ಬದಲಾಯಿಸಿದ. ಪಿನ್ ಏನಿಡಲಿ ಅಂದ. ಮೆಟ್ಟಿಲ ಮೇಲಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಮ್ಮ, ಅಪ್ಪನ ಹಳೇ ಸ್ಕೂಟರ್ ನಂಬರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು.

ಸರಿಯಾಗಿದೆಯಾ ಅಂತ ಹುಡುಗ ತನ್ನ ಫೋನಿನಲ್ಲೇ ಮೊದಲು ಪೇರ್ ಮಾಡಿ ನೋಡಿದ. ಅವನ ರೂಮು ಮೆಟ್ಟಿಲಿಗೆ ಅಂಟಿಕೊಂಡೇ ಇದೆ, ಸಿಗ್ನಲ್ಲಿಗೆ ಏನೂ ಕೊರತೆಯಿಲ್ಲ.

ನಿನ್ನೆ ರಾತ್ರಿ ಹತ್ತಕ್ಕೆ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೊರಟಿದ್ದೆ. ಅಮ್ಮ ಅಷ್ಟರಲ್ಲಿ ಮೆಟ್ಟಿಲ ಬಾಯಲ್ಲಿ ನಿಂತು, "ಮಗೂ, ಓದ್ಕೊಳ್ತಿದ್ಯಾ? ಗೇಟ್ ಲೈಟು ಆರಿಸಪ್ಪಾ" ಅಂತ ಕೂಗಿದರು.

"ಆಯ್ತು ಅಜ್ಜೀ."

ಲೈಟು ಆರಿತು. ನಾನು ಕತ್ತಲಲ್ಲಿ ಅರ್ಧ ಮೈ ಆಚೆ ಹಾಕಿಕೊಂಡು ನಿಂತಿದ್ದೆ. ಫೋನು ಇನ್ನೂ ಹುಡುಕುತ್ತಿತ್ತು.