ಮುಚ್ಚಳ ಮುಚ್ಚುತ್ತದಾ ಅಂತ ಒಬ್ಬರಾದರೂ ಕೇಳಿ ಮಾರಾಯ್ರೆ

ನಿನ್ನೆ ಸಂಜೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಎಸ್.ಪಿ. ರೋಡಿಗೆ ಹೋಗಿದ್ದೆ. ಒಂದು ಕೇಬಲ್ ತರಬೇಕಿತ್ತು, ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಹಾಕುವುದು. ಅಷ್ಟೇ ಕೆಲಸ. ವಾಪಸ್ ಬಂದಾಗಿನಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ದರೆ ನಿದ್ದೆ ಬರಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಕೌಂಟರಿನಲ್ಲಿ ನನಗಿಂತ ಮುಂದೆ ಅಪ್ಪ ಮಗಳು ನಿಂತಿದ್ದರು. ತುಮಕೂರಿನವರು. ಹುಡುಗಿ ಆರ್ಕಿಟೆಕ್ಚರ್ ಎರಡನೇ ವರ್ಷ, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲಿಯುತ್ತಿದ್ದಾಳೆ. ಅಪ್ಪನ ಕೈಯಲ್ಲಿ ನಾಲ್ಕು ಮಡಿಕೆಯ ಚೀಟಿ. ಅದರಲ್ಲಿ ನೀಲಿ ಇಂಕಿನಲ್ಲಿ ‘ಆರ್‌ಟಿಎಕ್ಸ್ 3050’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು. ಅದೊಂದು ಗ್ರಾಫಿಕ್ಸ್ ಕಾರ್ಡ್, ಕಂಪ್ಯೂಟರಿನೊಳಗೆ ಕೂತು ಚಿತ್ರ ಮೂಡಿಸುವ ಬಿಡಿಭಾಗ. ಮನೆಯಲ್ಲಿರುವುದು ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಪುಟ್ಟ ಡೆಸ್ಕ್‌ಟಾಪ್. ಮಾನಿಟರ್ ಕೆಳಗೆ ಮಲಗಿಸಿ ಇಡುತ್ತಾರಲ್ಲ, ಆ ಥರದ್ದು. ಹುಡುಗಿ ಫೋನಿನಲ್ಲಿ ಅದರ ಫೋಟೋ ತೆಗೆದು ಹಿಡಿದುಕೊಂಡೇ ನಿಂತಿದ್ದಳು. ಕೌಂಟರಿನ ಹುಡುಗ ಆ ಕಡೆ ಕಣ್ಣೇ ಹಾಯಿಸಲಿಲ್ಲ. ಒಳಗೆ ಹೋಗಿ ಎರಡು ಫ್ಯಾನಿನ ದೊಡ್ಡ ಕಾರ್ಡ್ ತಂದಿಟ್ಟ.

“ನಮ್ದಕ್ಕೆ ಹಾಕಬಹುದಾ ಸಾರ್?” ಅಂತ ಅಪ್ಪ ಕೇಳಿದರು.

“ಆರಾಮಾಗಿ ಹಾಕಬಹುದು ಸರ್.”

ಈ ‘ಹಾಕಬಹುದು ಸರ್’ ಇದೆಯಲ್ಲ, ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾವ ಕ್ಯಾಬಿನೆಟ್, ಎಷ್ಟು ವ್ಯಾಟಿನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ), ಮುಚ್ಚಳ ಮುಚ್ಚಬೇಕಾ ಬೇಡವಾ, ಒಂದನ್ನೂ ಕೇಳಿಲ್ಲ. ಆ ಪುಟ್ಟ ಡಬ್ಬಗಳ ದಪ್ಪವೇ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಮಾಮೂಲಿ ಗ್ರಾಫಿಕ್ಸ್ ಕಾರ್ಡಿನ ಎತ್ತರ ಹನ್ನೊಂದು ಸೆಂಟಿಮೀಟರ್, ಎಷ್ಟೋ ಕಾರ್ಡುಗಳು ಅದಕ್ಕಿಂತ ಜಾಸ್ತಿ. ಹೇಗೆ ಹಾಕುತ್ತೀಯಪ್ಪ? ಅಡ್ಡಡ್ಡ ಕೊಯ್ದು ಹಾಕುತ್ತೀಯಾ?

ಇದಕ್ಕೆಲ್ಲ ಬೇಕಾಗಿದ್ದು ಲೋ ಪ್ರೊಫೈಲ್ ಕಾರ್ಡ್. ಎತ್ತರ ಏಳು ಸೆಂಟಿಮೀಟರಿಗಿಂತ ಒಂದು ಕೂದಲು ಕಮ್ಮಿ. ಸ್ಕ್ರೂ ಹಾಕುವ ತಗಡಿನ ಪಟ್ಟಿಯೂ ಚಿಕ್ಕದೇ ಬೇಕು. ಹೊಸ ಕಾರ್ಡಿನ ಡಬ್ಬದೊಳಗೆ ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿರುತ್ತಾರೆ. ನಮ್ಮ ಜನ ಕವರ್ ಸಮೇತ ಕಸಕ್ಕೆ ಎಸೆಯುತ್ತಾರೆ. ಆಮೇಲೆ ಅದೇ ಕಾರ್ಡ್ ಸೆಕೆಂಡ್ ಹ್ಯಾಂಡಿಗೆ ಬಂದಾಗ ತಗೊಂಡವನು ಪಟ್ಟಿಗಾಗಿ ಊರೆಲ್ಲ ಅಲೆಯಬೇಕು.

ಸರಿ, ಸುಮ್ನೆ ಇರೋಣ ಅಂದುಕೊಂಡೆ. ನನಗೇನು ಸಂಬಂಧ ಅಲ್ವಾ? ಅಷ್ಟರಲ್ಲಿ ಹುಡುಗಿಯೇ ಕೇಳಿದಳು, “ಇದಕ್ಕೆ ಬೇರೆ ಪವರ್ ಕೇಬಲ್ ಬೇಕಲ್ವಾ? ನಮ್ಮಲ್ಲಿ ಇಲ್ಲ.” ಜಾಣೆ. ಅವನು ಡ್ರಾಯರಿನಿಂದ ಒಂದು ಕನ್ವರ್ಟರ್ ತೆಗೆದ. ಹಾರ್ಡ್ ಡಿಸ್ಕಿನ ಸಾಟಾ ಪವರ್ ಎಳೆದು ಎಂಟು ಪಿನ್ ಮಾಡುವ ವೈರು. “ಇದೊಂದು ಹಾಕ್ಕೊಳಿ, ನೂರು ರೂಪಾಯಿ.”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ತಡೆಯುವುದು ಒಟ್ಟು 54 ವ್ಯಾಟ್. ಎಂಟು ಪಿನ್ನಿನ ಕನೆಕ್ಟರ್ 150ರ ತನಕ ಎಳೆಯಬಹುದು. ಆ ವೈರು ಬಿಸಿಯಾಗಿ ಕರಗುವುದಕ್ಕೆ ಶಾಸ್ತ್ರ ಕೇಳಬೇಕಿಲ್ಲ. ಎದುರಿಗೆ ನಿಂತವರು ತುಮಕೂರಿಂದ ಟ್ರೇನ್ ಹತ್ತಿ ಬಂದಿದ್ದಾರೆ, ಮನೆಗೆ ಬೆಂಕಿಪೊಟ್ಟಣ ಕಟ್ಟಿ ಕಳಿಸುತ್ತೀಯಾ?

“ಸ್ವಲ್ಪ ಆ ಫೋಟೋ ತೋರಿಸಮ್ಮ” ಅಂದೆ. “ನೋಡಿ ಅಂಕಲ್” ಅಂದಳು. (ಅಂಕಲ್ ಅಂತೆ. ಇರಲಿ.)

ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ 180 ವ್ಯಾಟ್ ಅಂತ ಇತ್ತು. ಪ್ರೊಸೆಸರ್ 65 ವ್ಯಾಟ್. ಅವನು ತಂದಿಟ್ಟಿದ್ದು 3050ರ 8 ಜಿಬಿ ಕಾರ್ಡ್, ಅದಕ್ಕೇ 130 ವ್ಯಾಟ್. ಎರಡನ್ನೇ ಕೂಡಿಸಿ ನೋಡಿ. ಇನ್ನು ಮದರ್‌ಬೋರ್ಡು, ಡಿಸ್ಕು, ಫ್ಯಾನು ಉಪವಾಸ ಇರಬೇಕಾ?

ತಮಾಷೆ ಏನು ಗೊತ್ತಾ, ಅಪ್ಪನ ಕೈಲಿದ್ದ ಚೀಟಿಯಲ್ಲಿ ಬರೆದದ್ದು ತಪ್ಪೇ ಅಲ್ಲ. 3050 ಅಂತ ಹೆಸರಿಟ್ಟುಕೊಂಡು ಬೇರೆ ಬೇರೆ ಕಾರ್ಡುಗಳಿವೆ. 2022ರಲ್ಲಿ ಬಂದದ್ದು ಈ 8 ಜಿಬಿಯದು. 2024ರ ಫೆಬ್ರವರಿಯಲ್ಲಿ ಬಂದದ್ದು 6 ಜಿಬಿಯದು. ವೇಗ ಸ್ವಲ್ಪ ಕಮ್ಮಿ, ಆದರೆ 70 ವ್ಯಾಟ್ ಸಾಕು. ಕಾರ್ಡ್ ಚುಚ್ಚುವ ಮದರ್‌ಬೋರ್ಡಿನ ಸ್ಲಾಟ್ ಒಂದೇ 75 ವ್ಯಾಟ್ ತನಕ ಕೊಡುವುದರಿಂದ ಬೇರೆ ಕೇಬಲ್ಲೇ ಬೇಡ. ಅದರಲ್ಲೇ ಲೋ ಪ್ರೊಫೈಲ್ ಮಾಡೆಲ್ಲುಗಳೂ ಸಿಗುತ್ತವೆ. ಈ ಹುಡುಗಿಗೆ ಬೇಕಾಗಿದ್ದುದು ಅದು. ಹೆಸರಿಡುವವರಿಗೆ ಇನ್ನೊಂದು ನಂಬರ್ ಹುಡುಕುವುದು ಅಷ್ಟು ಕಷ್ಟವಾಯಿತಾ? ಹಿಂದೆ ಜಿಟಿ 1030 ಅನ್ನೋ ಕಾರ್ಡಿಗೂ ಇದೇ ಮಾಡಿದ್ದರು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಅನ್ನೋ ನಿಧಾನದ ಮೆಮೊರಿ ಹಾಕಿ ಮಾರಿದರು, ಮೆಮೊರಿಯ ವೇಗ ಹಳೆಯದರ ಮೂರನೇ ಒಂದು ಪಾಲಿನ ಆಸುಪಾಸು.

“ಆರ್‌ಎಕ್ಸ್ 6400 ಚಿಕ್ಕದಿದೆ, ಅದೂ ಹಾಕಬಹುದು ಸರ್” ಅಂತ ಹುಡುಗ ಮಧ್ಯೆ ಬಾಯಿ ಹಾಕಿದ. ಕೂರುತ್ತದೆ, ನಿಜ, 53 ವ್ಯಾಟ್ ಅಷ್ಟೇ. ಆದರೆ ಅದು ಬಳಸುವುದು ನಾಲ್ಕೇ ಲೇನ್, ಅಂದರೆ ಡೇಟಾ ಓಡಾಡುವ ದಾರಿ. ಹಳೆಯ ಆಫೀಸ್ ಡೆಸ್ಕ್‌ಟಾಪಿನ ನಿಧಾನದ ಪಿಸಿಐಇ 3 ಸ್ಲಾಟಿನಲ್ಲಿ ಕುಂಟುತ್ತದೆ. ವಿಡಿಯೋ ಎನ್‌ಕೋಡರ್ ಬೇರೆ ಇಲ್ಲ, ಎಡಿಟ್ ಮಾಡಿದ ವಿಡಿಯೋವನ್ನು ಬೇಗ ಫೈಲ್ ಮಾಡಿಕೊಡುವ ಭಾಗ ಅದು. ನನ್ನಂಥ ಮದುವೆ ವಿಡಿಯೋ ಎಡಿಟ್ ಮಾಡುವವನಿಗೆ ಅದು ಸಕ್ಕರೆ ಇಲ್ಲದ ಕಾಫಿ.

ಈಗ ಕಾಮೆಂಟಿನಲ್ಲಿ ಒಬ್ಬರಾದರೂ ಬಂದೇ ಬರುತ್ತೀರಿ: “ಆ ಚಿಕ್ಕ ಡಬ್ಬ ಬಿಸಾಕಿ ದೊಡ್ಡ ಕ್ಯಾಬಿನೆಟ್ ಕಟ್ಟಿಸೋದಪ್ಪ, ಯಾಕೆ ಈ ಒದ್ದಾಟ?” ಗೊತ್ತು. ದಿನಕ್ಕೆ ಆರು ಗಂಟೆ ಗೇಮ್ ಆಡುವವರಿಗೆ ಅದೇ ಸರಿ, ಒಪ್ಪಿದೆ. ಆದರೆ ಇಂಥ ಎಷ್ಟೋ ಡಬ್ಬಗಳಲ್ಲಿ ಮದರ್‌ಬೋರ್ಡು, ಎಸ್‌ಎಂಪಿಎಸ್ ಎರಡೂ ಆ ಕಂಪನಿಯದೇ ಅಳತೆಯವು. ಬಿಚ್ಚಿ ಬೇರೆ ಕ್ಯಾಬಿನೆಟ್ಟಿಗೆ ಕೂರಿಸಲಾಗದು. ಅಂದರೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ಆ ಅಪ್ಪ ಚೀಟಿಯನ್ನು ಮಡಚಿ ಮಡಚಿ ಜೇಬಿಗಿಡುತ್ತಿದ್ದುದನ್ನು ನೋಡಿದ್ದರೆ ನಿಮಗೂ ಈ ಮಾತು ಬಾಯಿಗೆ ಬರುತ್ತಿರಲಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, 2018ರಲ್ಲಿ ನಾನೂ ‘ಹಾಕಬಹುದು ಸರ್’ ನಂಬಿದವನೇ. ಅಂಗಡಿ ಬೇರೆ, ಮಾತು ಅದೇ. ಇಂಥದ್ದೇ ಪುಟ್ಟ ಡಬ್ಬಕ್ಕೆ ಪೂರ್ತಿ ಎತ್ತರದ 1050 ಟಿಐ ಕಾರ್ಡ್ ತಂದೆ. ಪಟ್ಟಿ ಬಿಚ್ಚಿ ಸ್ಲಾಟಿಗೆ ಚುಚ್ಚಿದರೆ ಓಡಿತು, ಆದರೆ ಮುಚ್ಚಳ ಮುಚ್ಚಲಿಲ್ಲ. ಕಾರ್ಡ್ ಹೊರಗೆ ಇಣುಕುತ್ತಾ ಎಂಟು ತಿಂಗಳು ಹಾಗೇ ನಿಂತಿತ್ತು. ಊರಿಂದ ಬಂದ ಅಮ್ಮ ಧೂಳು ಕೂರುತ್ತದೆ ಅಂತ ಹಳೆ ಟಿವಿ ಮೇಲಿನ ಕಸೂತಿ ಬಟ್ಟೆ ಹೊದಿಸಿದರು. ಫ್ಯಾನಿಗೆ ದಾರ ಸುತ್ತಿಕೊಂಡು ಒಂದು ಮದುವೆಯ ಧಾರೆ ಮುಹೂರ್ತವೇ ರೆಂಡರ್ ಆಗುವಾಗ ಸಿಸ್ಟಮ್ ಆಫ್ ಆಯಿತು. ಅಮ್ಮನ ಮೇಲೆ ರೇಗಿದೆ. ತಪ್ಪು ಅವರದ್ದಲ್ಲ, ಅಳತೆ ಮಾಡದ ನನ್ನದು. ಇದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ನಿನ್ನೆ ಆ ಹುಡುಗಿಗೆ ಬರೆದುಕೊಟ್ಟೆ: 6 ಜಿಬಿ, ಲೋ ಪ್ರೊಫೈಲ್, 70 ವ್ಯಾಟ್, ಚಿಕ್ಕ ಪಟ್ಟಿ ಡಬ್ಬದಲ್ಲಿ ಇದೆಯಾ ನೋಡು. ಈ ಕಾರ್ಡುಗಳು ಹೆಚ್ಚಾಗಿ ಎರಡು ಸ್ಲಾಟಿನ ಜಾಗ ತಿನ್ನುತ್ತವೆ. ಕೆಲವು ಮಾಡೆಲ್ಲಿನಲ್ಲಿ ದೊಡ್ಡ ಸ್ಲಾಟಿನ ಪಕ್ಕವೇ ಗೋಡೆ, ದಪ್ಪ ಕಾರ್ಡ್ ಕೂರುವುದಿಲ್ಲ. “ಮೊದಲು ಮುಚ್ಚಳ ತೆಗೆದು ಸ್ಕೇಲ್ ಇಟ್ಟು ನೋಡಮ್ಮ” ಅಂದೆ. ಆರ್ಕಿಟೆಕ್ಚರ್ ಓದುವವಳಿಗೆ ಸ್ಕೇಲ್ ಹಿಡಿಯೋದು ಹೇಳಿಕೊಟ್ಟ ಅಂಕಲ್ ನಾನು.

“ಅಳತೆ ತಗೊಂಡು ಮುಂದಿನ ವಾರ ಬರ್ತೀವಿ” ಅಂತ ಅವರು ಹೊರಟರು. ಕೌಂಟರಿನ ಹುಡುಗ ಕಾರ್ಡಿನ ಡಬ್ಬ ಒಳಗಿಟ್ಟು ಬಂದು, “ನಿಮಗೇನು ಬೇಕಿತ್ತು ಅಣ್ಣ?” ಅಂದ, ಆ ‘ಅಣ್ಣ’ವನ್ನು ಸ್ವಲ್ಪ ಜಾಸ್ತಿಯೇ ಎಳೆದು.

“ಏನಿಲ್ಲ” ಅಂತ ಬಂದುಬಿಟ್ಟೆ. ಕೇಬಲ್ ನೆನಪಾದದ್ದು ಟೌನ್‌ಹಾಲ್ ದಾಟಿದ ಮೇಲೆ.